ಸೀರಣಿಗೆ

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ
ಹುಬ್ಬಳ್ಳಿ ಗಾಡಿ ಹೋಗಿ ಮೈಸೂರು ಗಾಡಿ ಬರುವ ನಡುವೆ
ಎರಡು ಗಂಟೆ, ಯಾರ ಗಂಡನೂ ಮನೆಯಲ್ಲಿರುತ್ತಿರಲಿಲ್ಲ.
ಆಗ ಮೆಟ್ಟಿಲ ಮೇಲೆ ಹೆಂಗಸರು
ಒಬ್ಬರ ಹಿಂದೊಬ್ಬರು ಕೂರುವರು, ಬೋಗಿ ಕೂಡಿಸಿದ ಹಾಗೆ:
ನನ್ನ ಹಿಂದೆ ಅವ್ವ, ಅವ್ವನ ಹಿಂದೆ ಸಲೋಮಿ,
ಸಲೋಮಿಯ ಹಿಂದೆ ಗೋಡೆ.
ಅರ್ಧ ಗಂಟೆಗೆ ಇಂಜಿನ್ನು ಆ ತುದಿಗೆ ಹೋಗುತ್ತಿತ್ತು,
ಎಲ್ಲರೂ ಎದ್ದು ತಿರುಗಿ ಕೂತರೆ
ಸಲೋಮಿಯ ತಲೆ ಅವ್ವನ ಕೈಗೆ.

ಅವಳ ಮನೆಯ ನೀರು ಮುಟ್ಟಿದವಳಲ್ಲ ಅವ್ವ.
ಸಕ್ಕರೆ ಕೇಳಿ ಬಂದರೆ ಕಾಗದದಲ್ಲಿ ಕಟ್ಟಿ ಕೊಡುವಳು,
ಬಟ್ಟಲು ತಿರುಗಿ ಬಾರದಿರಲೆಂದು.
ಅದೇ ಅವ್ವ ಅವಳ ಮಡಿಲಿಗೆ ತಲೆ ಒರಗಿಸಿ
ಬಾಯಿ ತೆರೆದು ನಿದ್ದೆ ಹೋಗುತ್ತಿದ್ದಳು.

ಹೆಬ್ಬೆರಳ ಉಗುರೆರಡರ ನಡುವೆ
ಚಿಟ್.
"ಇದು ನಿಂದೋ ನಂದೋ?"
"ನಿಂದೇಯ. ಕೊಬ್ಬು ನೋಡು, ಕೋಳಿ ತಿಂದಿದ್ದು."
ನಕ್ಕು ನಕ್ಕು ಸೀರಣಿಗೆ ಕೆಳಗೆ ಬೀಳುತ್ತಿತ್ತು.

ಸಲೋಮಿಯ ಕಂದು ಹ್ಯಾಟೆ ಕಾವಿಗೆ ಕೂತಿತ್ತು.
ಬುಟ್ಟಿಗೆ ಬೂದಿ ಹಾಕಿದಳು, ಲಕ್ಕಿ ಸೊಪ್ಪು ಹಾಸಿದಳು,
ಆದರೂ ಹೇನು ಹತ್ತಿತು.
ಒಂದು ಬೆಳಗ್ಗೆ ಅದು ಮೊಟ್ಟೆಯ ಮೇಲೇ ಸತ್ತಿತ್ತು.
ಎತ್ತಿಕೊಂಡಳು. ರೆಕ್ಕೆಯ ಬುಡದಿಂದ
ಗಸಗಸೆ ಚೆಲ್ಲಿದ ಹಾಗೆ
ಅವಳ ಮೊಳಕೈವರೆಗೂ ಹೇನು.
ನಾನು ಕಿರುಚಿಕೊಂಡೆ.
"ಹೆದರಬ್ಯಾಡ. ಪುಕ್ಕ ತಿನ್ನೋವು ಇವು,
ನಮ್ಮ ಮೈ ಒಗ್ಗಲ್ಲ. ಬಿಸಿ ಹುಡುಕ್ಕೊಂಡು ಬಂದವೆ ಅಷ್ಟೇ.
ನಾಳೆ ಹೊತ್ತಿಗೆ ಅವೇ ಉದುರ್ತವೆ."
"ಮತ್ತೆ ನಮ್ಮವು?"
"ನಮ್ಮವೂ ಹಂಗೇಯ. ತಣ್ಣಗಾದ ತಲೇಲಿ
ಯಾವುದು ನಿಲ್ತೈತೆ?"

ಸಂಕ್ರಾಂತಿ ಕಳೆದ ವಾರ ಅವಳಿಗೆ ಜ್ವರ ಬಂತು.
ಗ್ಯಾಂಗಿಗೆ ಹೋಗಿದ್ದ ದೇವಸಹಾಯ ಟ್ರಾಲಿಯಲ್ಲಿ ಬರುವಷ್ಟರಲ್ಲಿ
ಬೆಂಚಿನ ಮೇಲೆ ಬಿಳಿ ಬಟ್ಟೆ, ತಲೆಯ ಹತ್ತಿರ ಎರಡು ಮೇಣದಬತ್ತಿ.
ಅವ್ವ ಆ ಹೊಸಿಲು ದಾಟಿದ್ದು ಅದೇ ಮೊದಲು.
ನಾನು ಅವಳ ಸೆರಗು ಹಿಡಿದಿದ್ದೆ.

ಬೈತಲೆಯ ತುದಿಗೆ ಒಂದು ಬಂತು.
ಹಣೆಯ ಮೇಲೆ ನಿಂತಿತು, ದಾರಿ ಕೇಳುವವರ ಹಾಗೆ.
ಹಿಂದೆ ಇನ್ನೊಂದು. ಕಿವಿಯ ಹಿಂದಿನಿಂದ ಮೂರು.
ಬಿಳಿ ಬಟ್ಟೆಯ ಮೇಲೆ ಎಣಿಸಬಹುದಿತ್ತು.
ಹೊರಗೆ ಜಟಕಾ ನಿಂತಿತು. ಹಾಸನದ ನಾದಿನಿಯರು,
ಇಸ್ತ್ರಿ ಸೀರೆಯವರು, ಇಳಿಯುತ್ತಿದ್ದರು.

ಅವ್ವ ಕುಸಿದು ಕೂತಳು.
ಅಳುವವಳ ಹಾಗೆ ಬಾಗಿ ಹಣೆ ಒರೆಸಿದಳು,
ಒರೆಸುತ್ತಲೇ ಇದ್ದಳು.
ಬಂದವರು ಅಂದರು: ಪಾಪ, ಎಷ್ಟು ಹಚ್ಚಿಕೊಂಡಿತ್ತು.
ಬೆರಳುಗಳು ಸೆರಗಿನ ಮರೆಯಲ್ಲಿ ಹೆಕ್ಕುತ್ತಿದ್ದವು.
ಉಗುರಿಗೆ ಉಗುರು ತಾಗಿಸಲಿಲ್ಲ ಅವಳು;
ಪ್ರಾರ್ಥನೆಯ ನಡುವೆ ಆ ಸದ್ದು
ಯಾವ ಹೆಂಗಸಿಗೆ ತಿಳಿಯುವುದಿಲ್ಲ?
ಕಡೆಗೆ ಎದ್ದು, ಅದೇ ಸೆರಗನ್ನು
ತಲೆತುಂಬ ಹೊದ್ದುಕೊಂಡಳು.

ಎಷ್ಟೋ ವರ್ಷದ ಮೇಲೆ ಹಾಸನದ ಕಾಲೇಜಿನಲ್ಲಿ
ಸೂಕ್ಷ್ಮದರ್ಶಕದಡಿ ನೋಡಿದೆ: ಆರು ಕಾಲು, ಕಾಲಿಗೊಂದು ಕೊಕ್ಕೆ,
ಒಂದು ಕೂದಲು ಹಿಡಿಯುವಷ್ಟೇ ಬಾಗು.
ಸೆರಗಿನ ನೂಲಿಗೆ ಅಂಥದ್ದು
ಎಷ್ಟು ಹೊತ್ತು ಜೋತುಬಿದ್ದೀತು?

ಸಾವಿನ ಮನೆಗೆ ಹೋಗಿಬಂದರೆ ತಲೆಗೆ ನೀರು ಬೀಳಬೇಕು.
ಹಂಡೆ ಕಾದಿತ್ತು. ಅಪ್ಪ ಎರಡು ಸಲ ಹೇಳಿದ.
ಅವ್ವ ಕಾಲು ತೊಳೆದಳು, ಮೈ ತೊಳೆದಳು,
ಬಚ್ಚಲಿಂದ ಬಂದಾಗ
ತುರುಬು ಒಣಗಿಯೇ ಇತ್ತು.

ಮಾರನೆಯ ಮಧ್ಯಾಹ್ನ ಮೆಟ್ಟಿಲ ಮೇಲೆ
ನನ್ನ ಹಿಂದೆ ಅವ್ವ, ಅವ್ವನ ಹಿಂದೆ ಗೋಡೆ.
ಮೈಸೂರು ಗಾಡಿ ಲೇಟು.
"ನಾನು ನೋಡ್ಲಾ?" ಎಂದೆ, ಸೀರಣಿಗೆ ಹಿಡಿದು.
"ಇವತ್ತು ಬ್ಯಾಡ," ಅಂದಳು
ಕೆರೆದುಕೊಳ್ಳುತ್ತ,
"ಇರ್ಲಿ."